ಗಾಳಿಕಿಂಡಿಯ ಅಳತೆ

ಸೆಪ್ಟೆಂಬರ್ 18

ಮಗಳಿಗೆ,

ನೀನು ವಿಮಾನ ಇಳಿದು ಇವತ್ತಿಗೆ ಎರಡು ದಿನ. ಈ ಪತ್ರ ನಿನ್ನ ಕೈ ಸೇರಲು ಇನ್ನೆರಡು ವಾರ ಬೇಕು. ಹೊರಡುವಾಗ ಬಾಗಿಲಲ್ಲಿ ನಿಂತು ನಾಲ್ಕು ಮಾತು ಹೇಳೋಣ ಅಂದರೆ "ಸಾಕು ಬಿಡಮ್ಮ, ಎಲ್ಲ ಗೊತ್ತು" ಅಂದೆ. ಏನು ಗೊತ್ತು ನಿನಗೆ? ಆ ನಗರದಲ್ಲಿ ಒಂಬತ್ತು ವರ್ಷ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದವಳು ನಾನು. ನಿನಗೆ ಸಿಕ್ಕಿರುವುದೂ ಅದೇ ಕಾರ್ಖಾನೆ, ಅದೇ ಹಾಸ್ಟೆಲು. ಏಜೆಂಟ್ ಹೇಳಿದ್ದು ನಿಜವಾದರೆ ಮಹಡಿಯೂ ಅದೇ ಮೂರನೆಯದು. ಹಾಗಾಗಿ ಮುಖ ಗಂಟು ಹಾಕಿಕೊಳ್ಳದೆ ಓದು.

ಪಾಸ್‌ಪೋರ್ಟನ್ನು ಯಾರು ಕೇಳಿದರೂ ಕೈಗೆ ಕೊಡಬೇಡ. ನಕಲು ಮಾಡಿಸಿ ಕೊಡು. ಮೊದಲ ರಜೆಯ ದಿನ ರೂಮಿನಲ್ಲಿ ಬಿದ್ದುಕೊಂಡಿರಬೇಡ. ಹಾಸ್ಟೆಲಿನ ಎದುರು ಸಿಗುವ ಯಾವುದಾದರೂ ಬಸ್ಸು ಹತ್ತಿ, ಕೊನೆಯ ನಿಲ್ದಾಣದವರೆಗೂ ಕೂತು, ಅದೇ ಬಸ್ಸಿನಲ್ಲಿ ವಾಪಸ್ ಬಾ. ಎಲ್ಲಿಗೂ ಹೋಗಬೇಕಾಗಿಲ್ಲ, ಊರು ಎಷ್ಟು ಉದ್ದ ಇದೆ ಅಂತ ನೋಡಿದರೆ ಸಾಕು, ಅರ್ಧ ಭಯ ಹೋಗುತ್ತದೆ. ಅವರ ಭಾಷೆಯಲ್ಲಿ "ಗೊತ್ತಿಲ್ಲ" ಅನ್ನುವುದನ್ನು ಮೊದಲು ಕಲಿ. "ನಮಸ್ಕಾರ" ಆಮೇಲೆ ಕಲಿತರೂ ನಡೆಯುತ್ತದೆ.

ಇಸ್ತ್ರಿ ರೋಲರಿನ ಹತ್ತಿರ ನಿಲ್ಲುವಾಗ ತೋಳಿನ ಗುಂಡಿ ಹಾಕಿಕೊಂಡಿರು. ಬಟ್ಟೆ ಸಿಕ್ಕಿಕೊಂಡರೆ ಬಿಟ್ಟುಬಿಡು, ಎಳೆಯಲು ಹೋಗಬೇಡ. ಹೋಗುವುದು ಅವರ ಬಟ್ಟೆ. ಅಳು ಬಂದರೆ ಒಣಗಿಸುವ ಕೋಣೆಗೆ ಹೋಗು. ಆ ಯಂತ್ರಗಳ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ, ಕಣ್ಣು ಕೆಂಪಗಿದ್ದರೆ ಸೋಪಿನ ಪುಡಿ ಅಂದರಾಯಿತು. ಯಾರ ಜಗಳಕ್ಕೂ ಸಾಕ್ಷಿಯಾಗಬೇಡ. ಕೇಳಿದರೆ ನೋಡಿಲ್ಲ ಅನ್ನು. ಹೊರಗಿನವರು ಅಲ್ಲಿ ಉಳಿಯುವುದೇ ಹಾಗೆ.

ಫೋನು ಬೇಡ. ಪಕ್ಕದ ಅಂಗಡಿಗೆ ನಿನ್ನ ಫೋನು ಬಂದರೆ ಇಡೀ ಬೀದಿ ಕಿವಿ ನೆಟ್ಟಗೆ ಮಾಡುತ್ತದೆ. ಬರೆ.

ನಿನ್ನ ಅಮ್ಮ


ಅಕ್ಟೋಬರ್ 14

ಅಮ್ಮ,

ನಿನ್ನ ಪತ್ರ ಬಂತು. ಪಾಸ್‌ಪೋರ್ಟನ್ನು ವಿಮಾನ ನಿಲ್ದಾಣದಲ್ಲೇ ಇಸಿದುಕೊಂಡರು, ಆದ್ದರಿಂದ ನಿನ್ನ ಮೊದಲ ಬುದ್ಧಿಮಾತು ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು.

ನನಗೆ ನಾಲ್ಕು ವರ್ಷವಾದಾಗ ನೀನು ಹೋದೆ, ಹದಿಮೂರಾದಾಗ ಬಂದೆ. ಆಗ ನೀನು ಬರೆದ ಪತ್ರಗಳನ್ನೆಲ್ಲ ಅಜ್ಜಿ ಸಾಯುವವರೆಗೂ ತಗಡಿನ ಡಬ್ಬಿಯಲ್ಲಿ ಇಟ್ಟಿದ್ದರು. ಎಲ್ಲದರಲ್ಲೂ ಇದ್ದದ್ದು ಒಂದೇ: ಹುಷಾರು, ಓದಿಕೋ, ಅಜ್ಜಿಯ ಮಾತು ಕೇಳು. ಅವೆಲ್ಲ ಸೇರಿಸಿದರೂ ಈಗಿನ ಈ ಒಂದು ಪತ್ರದಷ್ಟು ಉದ್ದ ಆಗಲಿಕ್ಕಿಲ್ಲ. ಈಗ್ಯಾಕೆ ಇಷ್ಟೊಂದು ಮಾತು ಅಂತ ಕೇಳಬೇಕು ಅನ್ನಿಸಿತು, ಕೇಳಿದೆ.

ಮಹಡಿ ಮೂರನೆಯದೇ. ಕೊನೆಯ ರೂಮು. ಎರಡು ಮಂಚ, ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ, ಮೂಲೆಯಲ್ಲಿ ಹಲಗೆ ಅಡ್ಡ ಇಟ್ಟು ಮಾಡಿದ ಸ್ನಾನದ ಮನೆ. ಆ ಹಲಗೆ ಮೇಲಿನತನಕ ಇಲ್ಲ, ಸ್ನಾನ ಮಾಡಿದರೆ ಹಬೆ ಹಾಸಿಗೆಯ ಮೇಲೇ ಬರುತ್ತದೆ. ಕೆಲಸ ಬೆಳಗ್ಗೆ ಆರರಿಂದ ಮೂರು. ಒದ್ದೆ ಹಾಸಿಗೆ ಬಟ್ಟೆಗಳನ್ನು ಬಿಡಿಸಿ ರೋಲರಿಗೆ ಕೊಡುವುದು. ಮೊದಲ ವಾರ ಬೆರಳು ಮಡಚಲು ಆಗುತ್ತಿರಲಿಲ್ಲ. ನೀನು ಊಟಕ್ಕೆ ಕೂತಾಗ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತುತ್ತಿದ್ದುದು ಯಾಕೆ ಅಂತ ಈಗ ಗೊತ್ತಾಯಿತು.

ಇನ್ನೊಂದು ಮಂಚದವಳು ನಮ್ಮ ಭಾಷೆಯವಳೇ. ಎಲ್ಲರೂ ಕಡ್ಡಿ ಅನ್ನುತ್ತಾರೆ. ಅವಳಿಗೆ ಆ ಹೆಸರಿಟ್ಟದ್ದು ಅವಳಮ್ಮನೇ ಅಂತೆ. ನೋಡಿದರೆ ನಿನಗೂ ಬೇರೆ ಹೆಸರು ಹೊಳೆಯುವುದಿಲ್ಲ. ಅವಳದು ರಾತ್ರಿ ಪಾಳಿ. ನಾನು ಏಳುವ ಹೊತ್ತಿಗೆ ಅವಳು ಬಂದು ಮಲಗುತ್ತಾಳೆ. "ನಾವಿಬ್ಬರೂ ಸೂರ್ಯ ಚಂದ್ರ ಕಣೇ, ಒಬ್ಬರ ಮುಖ ಒಬ್ಬರು ನೋಡೋ ಹಾಗಿಲ್ಲ" ಅನ್ನುತ್ತಾಳೆ. ಬಾಯಿ ಬಹಳ.

ಬಸ್ಸಿನಲ್ಲಿ ಕೊನೆಯತನಕ ಹೋಗಿದ್ದೆ. ಒಂದು ಗಂಟೆ ಐವತ್ತು ನಿಮಿಷ. ಭಯ ಹೋಗಲಿಲ್ಲ.

ಮಗಳು


ನವೆಂಬರ್ 3

ಪುಟ್ಟಿ,

ಈಗ್ಯಾಕೆ ಇಷ್ಟೊಂದು ಮಾತು ಅಂತ ಕೇಳಿದ್ದೀಯ. ನಿನಗೆ ತಲೆ ಬಾಚುವುದು ಕಲಿಸಿದ್ದು ಅಜ್ಜಿ, ಅಕ್ಷರ ಕಲಿಸಿದ್ದು ಅಜ್ಜಿ, ದೊಡ್ಡವಳಾದಾಗ ಪಕ್ಕದಲ್ಲಿ ಕೂತಿದ್ದವರೂ ಅವರೇ. ನಾನು ಬರುವ ಹೊತ್ತಿಗೆ ನಿನಗೆ ಎಲ್ಲ ಬರುತ್ತಿತ್ತು. ನನಗೆ ಗೊತ್ತಿದ್ದು ನಿನಗೆ ಗೊತ್ತಿಲ್ಲದ್ದು ಅಂತ ಈ ಲೋಕದಲ್ಲಿ ಇರುವುದು ಆ ಊರು ಒಂದೇ. ಅದನ್ನಾದರೂ ಹೇಳಲು ಬಿಡು.

ಕೊನೆಯ ರೂಮು ಅಂದೆಯಲ್ಲ, ಅದೇ ನನ್ನದು. ಇಬ್ಬರ ರೂಮಿನಲ್ಲಿ ನಾವು ನಾಲ್ವರು ಇದ್ದೆವು. ಕಿಟಕಿಯ ಪಕ್ಕದ ಮಂಚ ತೆಗೆದುಕೊಳ್ಳಬೇಡ, ಆ ಮಂಚದ ತಲೆಯ ಮೇಲೆ ಗೋಡೆಯಲ್ಲಿ ಗಾಳಿಕಿಂಡಿ ಇದೆ ನೋಡು. ಡಿಸೆಂಬರ್ ಬಂತು ಅಂದರೆ ಅಲ್ಲಿಂದ ಚಳಿ ಸುರಿಯುತ್ತದೆ. ಎಷ್ಟು ಹೊದ್ದರೂ ನೆತ್ತಿ ಮರಗಟ್ಟುತ್ತದೆ. ನಮ್ಮ ಮಹಡಿಯ ಹೆಂಗಸರೆಲ್ಲ ಕಾರ್ಖಾನೆಯಲ್ಲಿ ತೆಗೆದು ಬಿಸಾಡಿದ ಟವೆಲ್ ತಂದು ಆ ಕಿಂಡಿಗೆ ಬಿರಡೆ ಹೊಲಿದುಕೊಳ್ಳುತ್ತಿದ್ದೆವು. ನನ್ನ ಬಿರಡೆ ಎಲ್ಲರಿಗಿಂತ ಚೆನ್ನಾಗಿ ಕೂರುತ್ತಿತ್ತು. ಅಗಲ ಎಂಟು ಬೆರಳು, ಉದ್ದ ಹನ್ನೆರಡು ಬೆರಳು, ಬಲಗಡೆಯ ಮೂಲೆ ಸ್ವಲ್ಪ ಒಡೆದು ದುಂಡಗಾಗಿದೆ. ಕಣ್ಣು ಮುಚ್ಚಿದರೂ ಹೇಳುತ್ತೇನೆ, ಒಂಬತ್ತು ಚಳಿಗಾಲ ಅದನ್ನೇ ನೋಡುತ್ತ ಮಲಗಿದ್ದೆ.

ಈ ವಾರ ನನ್ನ ಹೊಲಿಗೆ ಅಂಗಡಿಗೆ ಬಂದ ಪ್ಯಾಂಟುಗಳನ್ನು ಪಕ್ಕಕ್ಕಿಟ್ಟು ಅದನ್ನೇ ಹೊಲಿದೆ. ಹಳೆಯ ಕೋಟಿನ ದಪ್ಪ ಬಟ್ಟೆ, ಒಳಗೆ ಉಣ್ಣೆಯ ಚಿಂದಿ, ಸುತ್ತ ಎರಡು ಸುತ್ತು ಹೊಲಿಗೆ, ಎಳೆದು ತೆಗೆಯಲು ಒಂದು ಕುಣಿಕೆ. ಏಜೆಂಟಿನ ಕೈಯಲ್ಲಿ ಕಳಿಸಿದ್ದೇನೆ. ಜೊತೆಗೆ ಎರಡು ಜೊತೆ ಉಣ್ಣೆಯ ಸಾಕ್ಸ್, ಒಂದು ನಿನಗೆ, ಒಂದು ಆ ಕಡ್ಡಿಗೆ. ಅವಳಿಗೆ ಮೈಮೇಲೆ ಮಾಂಸ ಇಲ್ಲದಿದ್ದರೆ ಚಳಿ ಇನ್ನೂ ಜಾಸ್ತಿ.

ಅಮ್ಮ


ಡಿಸೆಂಬರ್ 8

ಅಮ್ಮ,

ಬಿರಡೆ ಬಂತು. ಬಕೆಟ್ ಬೋರಲು ಹಾಕಿ ಅದರ ಮೇಲೆ ಹತ್ತಿ ತುರುಕಿದೆ. ಒಂದು ಕೂದಲೆಳೆಯಷ್ಟೂ ಸಂದಿ ಬಿಡದೆ ಕೂತಿತು, ಆ ದುಂಡು ಮೂಲೆಯೂ. ನೀನು ಈ ಗೋಡೆಯನ್ನು ನೋಡುತ್ತ ಮಲಗಿದ್ದಾಗ ನಾನು ಅಲ್ಲಿ ಅಜ್ಜಿಯ ಸೆರಗು ಹಿಡಿದು ನಿನ್ನ ಮೇಲೆ ಕೋಪ ಮಾಡಿಕೊಂಡು ಮಲಗುತ್ತಿದ್ದೆ. ಇದನ್ನು ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ಕೋಪ ಪೂರ್ತಿ ಹೋಗಿಲ್ಲ, ಆದರೆ ಕಡಿಮೆಯಾಗಿದೆ.

ರೂಮು ಈಗ ಬೆಚ್ಚಗಿದೆ. ಕಿಟಕಿಯ ಪಕ್ಕದ ಮಂಚ ಕಡ್ಡಿಯದು. ಅವಳು ಎಷ್ಟು ಖುಷಿಯಾಗಿದ್ದಾಳೆ ಅಂದರೆ ಕೆಳಗೆ ತಾನೇ ಬರೆಯುತ್ತೇನೆ ಅಂತ ಪೆನ್ನು ಕಿತ್ತುಕೊಳ್ಳುತ್ತಿದ್ದಾಳೆ.

ಮಗಳು

ಅಮ್ಮಾ, ನಾನು ಕಡ್ಡಿ. ಸಾಕ್ಸ್ ಹಾಕಿಕೊಂಡೇ ಬರೆಯುತ್ತಿದ್ದೇನೆ. ಹುಟ್ಟಿದಾಗಿನಿಂದ ನನಗೆ ಚಳಿ, ನಮ್ಮಮ್ಮ ಬೇಸಿಗೆಯಲ್ಲೂ ನನ್ನನ್ನು ಒಲೆಯ ಪಕ್ಕ ಮಲಗಿಸುತ್ತಿದ್ದಳು. ನಿಮ್ಮ ಬಿರಡೆ ನೋಡಿ ಪಕ್ಕದ ರೂಮಿನವರಿಗೆ ಹೊಟ್ಟೆಕಿಚ್ಚು. ನಿಮ್ಮ ಮಗಳು ನಿಮ್ಮನ್ನು ಬೈಯುತ್ತಾಳೆ, ಆದರೆ ನಿಮ್ಮ ಪತ್ರವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಾಳೆ. ನಾನು ಹೇಳಿದೆ ಅಂತ ಹೇಳಬೇಡಿ. ನಿಮ್ಮ ವಿಳಾಸವನ್ನು ನಮ್ಮಮ್ಮನಿಗೂ ಬರೆದಿದ್ದೇನೆ.


ಜನವರಿ 6

ಅಮ್ಮ,

ಇಲ್ಲಿ ಮಂಜು ಬೀಳಲು ಶುರುವಾಗಿದೆ. ಹೋದ ವಾರ ಸ್ನಾನದ ಮನೆಯಲ್ಲಿದ್ದ ಕರೆಂಟಿನ ಹಳೆಯ ಹೀಟರ್ ಕಿತ್ತು ಗ್ಯಾಸ್ ಗೀಸರ್ ಹಾಕಿದರು. ಎಲ್ಲ ರೂಮಿಗೂ ಹಾಕುತ್ತಿದ್ದಾರೆ. ಬಿಸಿನೀರಿಗೆ ಕಾಯಬೇಕಾಗಿಲ್ಲ, ತಿರುಗಿಸಿದರೆ ಸುಡುಸುಡು ಬರುತ್ತದೆ. ಹಾಕಲು ಬಂದ ಫಿಟ್ಟರ್ ಗಾಳಿಕಿಂಡಿಯ ಬಿರಡೆ ಎಳೆದು ಹಾಸಿಗೆಯ ಮೇಲೆ ಎಸೆದು, ಕೈಯಾಡಿಸಿ "ಬೇಡ, ಬೇಡ" ಅಂದು ಹೋದ. ಅಂದಿನಿಂದ ಮತ್ತೆ ಫ್ರಿಜ್ಜಿನಲ್ಲಿ ಮಲಗಿದ ಹಾಗಿದೆ.

ಕಡ್ಡಿಗೆ ನಾಲ್ಕು ದಿನದಿಂದ ಜ್ವರ, ಕೆಮ್ಮು. ರಜೆ ಕೊಡುವುದಿಲ್ಲ. ನನ್ನ ಮಂಚ ಅವಳಿಗೆ ಕೊಟ್ಟರೂ ಬೇಡ ಅನ್ನುತ್ತಾಳೆ. ಏನು ಮಾಡಲಿ ಹೇಳು.

ಮಗಳು


ಜನವರಿ 20

ಪುಟ್ಟಿ,

ಆ ಫಿಟ್ಟರಿಗೆ ಏನು ಗೊತ್ತು? ಅವನೇನು ಅಲ್ಲಿ ಮಲಗುತ್ತಾನಾ? ನಮ್ಮ ಕಾಲದಲ್ಲೂ ಹಾಸ್ಟೆಲಿನವರು ತಿಂಗಳಿಗೊಮ್ಮೆ ಬಂದು ಬಿರಡೆ ಕಿತ್ತು ಹೋಗುತ್ತಿದ್ದರು, ಗೋಡೆ ಕಪ್ಪಾಗುತ್ತದೆ ಅಂತ. ಅವರ ಬೆನ್ನು ತಿರುಗಿದ ಮೇಲೆ ನಾವು ಮತ್ತೆ ಹಾಕುತ್ತಿದ್ದೆವು. ಗೋಡೆ ಅವರದು, ನೆತ್ತಿ ನಮ್ಮದು.

ನೀನು ಮೊದಲ ಸಲ ನನ್ನನ್ನು "ಏನು ಮಾಡಲಿ ಹೇಳು" ಅಂತ ಕೇಳಿದ್ದೀಯ. ಹೇಳುತ್ತೇನೆ. ಬಿರಡೆ ಮತ್ತೆ ಹಾಕು. ಕಡ್ಡಿಗೆ ಬಿಸಿನೀರಿನಲ್ಲಿ ಚೆನ್ನಾಗಿ ಸ್ನಾನ ಮಾಡಿ ಬೆವರು ಬರುವ ಹಾಗೆ ಹೊದ್ದು ಮಲಗಲು ಹೇಳು. ಎರಡು ದಿನದಲ್ಲಿ ಜ್ವರ ಇಳಿಯದಿದ್ದರೆ ನನ್ನನ್ನು ಕೇಳು.

ಅಮ್ಮ


ಫೆಬ್ರವರಿ 11

ಅಮ್ಮ,

ಕಡ್ಡಿ ಹೋದಳು. ಹೋದ ಶುಕ್ರವಾರ, ಮಧ್ಯಾಹ್ನ. ಗೀಸರ್ ಉರಿಯುವಾಗ ಬರುವ ವಿಷದ ಗ್ಯಾಸು ರೂಮಿನಲ್ಲಿ ತುಂಬಿಕೊಂಡಿತ್ತಂತೆ. ಆ ಗ್ಯಾಸಿಗೆ ವಾಸನೆ ಇರುವುದಿಲ್ಲವಂತೆ. ನಾನು ಕೆಲಸದಲ್ಲಿದ್ದೆ.

ನನ್ನನ್ನು ಎರಡನೇ ಮಹಡಿಗೆ ಹಾಕಿದ್ದಾರೆ. ಊಟ ಮಾಡುತ್ತಿದ್ದೇನೆ. ಸದ್ಯಕ್ಕೆ ಏನೂ ಕಳಿಸಬೇಡ.

ಮಗಳು


ಫೆಬ್ರವರಿ 25

ಪುಟ್ಟಿ,

ಪತ್ರ ಅಂಗಡಿಯಲ್ಲೇ ಓದಿದೆ. ಬಾಗಿಲು ಹಾಕಿ ಮನೆಗೆ ಬಂದೆ. ಅವಳ ಅಕ್ಷರ ಇನ್ನೂ ಕಣ್ಣ ಮುಂದೆ ಇದೆ.

ಒಂದು ಮಾತು ಕೇಳುತ್ತೇನೆ. ಇಲ್ಲಿ ಗ್ಯಾಸ್ ಸಿಲಿಂಡರ್ ತರುವವನನ್ನು ವಿಚಾರಿಸಿದೆ. ಗೀಸರ್ ಇರುವ ಕಡೆ ಹೊಗೆ ಹೊರಗೆ ಹೋಗಲು ಕೊಳವೆ ಹಾಕಬೇಕಂತೆ, ಅದಿಲ್ಲದಿದ್ದರೆ ಗೋಡೆಯಲ್ಲಿ ಕಿಂಡಿಯಾದರೂ ತೆರೆದಿರಬೇಕಂತೆ. ಅಲ್ಲಿ ಕೊಳವೆ ಇತ್ತಾ? ಆವತ್ತು ಗಾಳಿಕಿಂಡಿ ತೆರೆದಿತ್ತಾ?

ಅಮ್ಮ


ಮಾರ್ಚ್ 17

ಪುಟ್ಟಿ,

ಮೂರು ವಾರವಾಯಿತು. ನಾನು ಕೇಳಿದ್ದಕ್ಕೆ ಉತ್ತರ ಬರೆ. ಬೈಯುವುದಾದರೆ ಬೈದು ಬರೆ. ಸುಮ್ಮನಿರಬೇಡ.

ಅಮ್ಮ


ಮಾರ್ಚ್ 22

ಅಮ್ಮ,

ಕೊಳವೆ ಹಾಕಿರಲಿಲ್ಲ. ಕಿಂಡಿ ಮುಚ್ಚಿತ್ತು.

ನಿನ್ನ ಜನವರಿಯ ಪತ್ರ ಹಿಂದಿನ ದಿನ ಬಂದಿತ್ತು. ಕಡ್ಡಿಯ ಜ್ವರ ಬಿಟ್ಟುಬಿಟ್ಟು ಬರುತ್ತಲೇ ಇತ್ತು. ಶುಕ್ರವಾರ ಬೆಳಗ್ಗೆ ಕೆಲಸಕ್ಕೆ ಹೊರಡುವ ಮೊದಲು ನಾನೇ ಬಕೆಟ್ ಹತ್ತಿ ಬಿರಡೆ ತುರುಕಿದೆ. ಅವಳು ಬಂದ ಮೇಲೆ ಆಶ್ಚರ್ಯಪಡಲಿ ಅಂತ. ಮೇಜಿನ ಮೇಲೆ ಚೀಟಿ ಇಟ್ಟಿದ್ದೆ, "ಅಮ್ಮ ಹೇಳಿದ್ದಾಳೆ, ಬಿಸಿನೀರಿನಲ್ಲಿ ಚೆನ್ನಾಗಿ ಸ್ನಾನ ಮಾಡಿ ಹೊದ್ದು ಮಲಗು" ಅಂತ. ಆ ಚೀಟಿಯನ್ನು ಪೊಲೀಸರು ಬರುವ ಮೊದಲು ನಾನು ತೆಗೆದು ಜೇಬಿಗೆ ಹಾಕಿಕೊಂಡೆ. ಯಾಕೆ ಹಾಗೆ ಮಾಡಿದೆ ಅಂತ ನನಗೇ ಗೊತ್ತಿಲ್ಲ, ಕೈ ತಾನಾಗಿ ಹೋಯಿತು.

ನಾನು ನಿನ್ನನ್ನು ಬೈಯುತ್ತಿಲ್ಲ. ಫಿಟ್ಟರ್ ಕೈಯಾಡಿಸಿ ಬೇಡ ಅಂದದ್ದನ್ನು ಕಣ್ಣಾರೆ ನೋಡಿದವಳು ನಾನು, ನೀನಲ್ಲ. ಅವನನ್ನು ನಂಬಲಿಲ್ಲ, ನಿನ್ನನ್ನು ನಂಬಿದೆ. ಹುಟ್ಟಿದ ಮೇಲೆ ನಿನ್ನ ಮಾತನ್ನು ಎದುರಾಡದೆ ಕೇಳಿದ್ದು ಅದೊಂದೇ ಸಲ.

ಈಗ ಹಾಸ್ಟೆಲಿನವರು ಒಂದು ಹೇಳಿಕೆ ಬರೆದು ತಂದಿದ್ದಾರೆ. ಕಿಂಡಿ ಮುಚ್ಚಬಾರದು ಅಂತ ಹೇಳಿದ್ದರೂ ಸತ್ತವಳು ತಾನೇ ಅದನ್ನು ಮುಚ್ಚಿಕೊಂಡಳು, ಅದನ್ನು ನಾನು ನೋಡಿದ್ದೇನೆ ಅಂತ. ನಾನು ಸಹಿ ಮಾಡಿದರೆ ಕೊಳವೆಯ ಮಾತು ಅಲ್ಲಿಗೇ ಮುಗಿಯುತ್ತದೆ. ಅವಳ ಮನೆಗೆ ಪರಿಹಾರ ಇಲ್ಲ, ನನಗೆ ಕೆಲಸ ಇರುತ್ತದೆ. ಸೂಪರ್‌ವೈಸರ್ ಹೇಳಿದಳು, "ಸಹಿ ಮಾಡದಿದ್ದರೆ ಮುಚ್ಚಿದ್ದು ಯಾರು ಅಂತ ಕೇಳ್ತಾರೆ. ಆಗ ರೂಮಿನಲ್ಲಿ ಉಳಿಯೋಳು ನೀನೊಬ್ಬಳೇ" ಅಂತ. ಏಪ್ರಿಲ್ ಹದಿನೈದರವರೆಗೆ ಸಮಯ ಕೊಟ್ಟಿದ್ದಾರೆ.

ಅತ್ತ ದರಿ ಇತ್ತ ಪುಲಿ ಅಂತ ಅಜ್ಜಿ ಹೇಳುತ್ತಿದ್ದರು. ನಾನೀಗ ಅಲ್ಲಿದ್ದೇನೆ. ಏನು ಮಾಡಲಿ ಹೇಳು ಅಂತ ಇನ್ನೊಂದು ಸಲ ಕೇಳಲು ನನಗೆ ಭಯವಾಗುತ್ತದೆ. ಆದರೂ ಕೇಳುತ್ತಿದ್ದೇನೆ.

ಮಗಳು


ಏಪ್ರಿಲ್ 2

ಪುಟ್ಟಿ,

ಸಹಿ ಮಾಡು.

ಸತ್ತವರಿಗೆ ಕಾಗದದಲ್ಲಿ ಏನು ಬರೆದರೂ ನೋಯುವುದಿಲ್ಲ. ನೀನು ಬದುಕಿದ್ದೀಯ. ಬೇರೆ ದೇಶದ ಜೈಲು ಅಂದರೆ ಏನು ಅಂತ ನಿನಗೆ ಗೊತ್ತಿಲ್ಲ, ಅಲ್ಲಿ ನಿನ್ನ ಪರವಾಗಿ ಒಂದು ಮಾತಾಡಲು ಕೂಡ ಯಾರೂ ಇರುವುದಿಲ್ಲ.

ಯಾರಿಗೂ ಹೇಳದ ಮಾತು ಹೇಳುತ್ತೇನೆ. ನಾನಿದ್ದ ಮೂರನೇ ವರ್ಷ ನನ್ನ ಪಕ್ಕ ನಿಲ್ಲುತ್ತಿದ್ದವಳ ಕೈ ರೋಲರಿಗೆ ಸಿಕ್ಕಿತು. ನಿಲ್ಲಿಸುವ ಗುಂಡಿ ಕೆಟ್ಟು ತಿಂಗಳಾಗಿತ್ತು, ಅವಳು ಮೂರು ಸಲ ದೂರು ಕೊಟ್ಟದ್ದನ್ನು ನಾನು ಕೇಳಿಸಿಕೊಂಡಿದ್ದೆ. ಆಮೇಲೆ ನನ್ನನ್ನು ಕರೆದು ಕೇಳಿದಾಗ, ಅವಳು ಮಾತಾಡುತ್ತ ಕೈ ಹಾಕಿದಳು ಅಂದೆ. ಒಂದು ಕೈ ಕಳೆದುಕೊಂಡವಳನ್ನು ಹಾಗೇ ಊರಿಗೆ ಕಳಿಸಿದರು. ನಾನು ಇನ್ನೂ ಆರು ವರ್ಷ ಉಳಿದೆ. ಆ ಆರು ವರ್ಷದಲ್ಲಿ ನೀನು ಓದಿದೆ, ಅಜ್ಜಿಯ ಕಣ್ಣಿನ ಆಪರೇಷನ್ ಆಯಿತು. ನೋಡಿಲ್ಲ ಅನ್ನು ಅಂತ ನಿನಗೆ ಮೊದಲ ಪತ್ರದಲ್ಲೇ ಬರೆದೆನಲ್ಲ, ಅದು ಸುಮ್ಮನೆ ಬರೆದದ್ದಲ್ಲ.

ಪಾಪ ಇದ್ದರೆ ನನ್ನ ತಲೆಗೆ ಬರಲಿ. ಸಹಿ ಮಾಡಿ ಬದುಕಿಕೋ.

ಅಮ್ಮ


ಏಪ್ರಿಲ್ 15

ಅಮ್ಮ,

ಸಹಿ ಮಾಡಿದೆ. ಅವಳನ್ನು ಇಟ್ಟಿರುವ ಪೆಟ್ಟಿಗೆಯನ್ನು ನಾಳೆ ವಿಮಾನಕ್ಕೆ ಹಾಕುತ್ತಾರಂತೆ. ಸಹಿಗೋಸ್ಕರ ಇಷ್ಟು ದಿನ ತಡೆದಿಟ್ಟಿದ್ದರು ಅಂತ ಈಗ ಗೊತ್ತಾಯಿತು.

ಮಗಳು


ಮೇ 9

ಹೊಲಿಗೆಯ ಅಮ್ಮನವರಿಗೆ ಕಡ್ಡಿಯ ತಾಯಿ ಮಾಡುವ ನಮಸ್ಕಾರಗಳು.

ನನಗೆ ಬರೆಯಲು ಬರುವುದಿಲ್ಲ, ನಾನು ಕಸ ಗುಡಿಸುವ ಶಾಲೆಯ ಮೇಷ್ಟ್ರ ಕೈಯಲ್ಲಿ ಬರೆಸುತ್ತಿದ್ದೇನೆ. ನನ್ನ ಮಗಳು ನಿಮ್ಮ ವಿಷಯ ಬರೆದಿದ್ದಳು. ಅಲ್ಲಿ ನನಗೆ ಇನ್ನೊಬ್ಬ ಅಮ್ಮ ಸಿಕ್ಕಿದ್ದಾರೆ, ನೀನು ಚಿಂತೆ ಬಿಡು ಅಂತ.

ಪೆಟ್ಟಿಗೆಯ ಜೊತೆ ಒಂದು ಕಾಗದ ಬಂತು. ಮೇಷ್ಟ್ರು ಓದಿ ಹೇಳಿದರು, ಅವಳೇ ಗಾಳಿಕಿಂಡಿ ಮುಚ್ಚಿಕೊಂಡು ಸತ್ತಳು ಅಂತ ಇದೆ ಅಂತ. ಆ ಮಾತು ಬೀದಿಯಲ್ಲಿ ಬೇರೆಯೇ ಆಗಿದೆ. ಬೇಕೂಂತಲೇ ಮುಚ್ಚಿಕೊಂಡಳು, ಏನೋ ಆಗಿರಬೇಕು, ಯಾವನೋ ಇದ್ದಿರಬೇಕು ಅನ್ನುತ್ತಾರೆ. ಅವಳ ತಂಗಿಯನ್ನು ನೋಡಿಕೊಂಡು ಹೋಗಿದ್ದವರು ಬೇಡ ಅಂತ ಹೇಳಿ ಕಳಿಸಿದರು. ನಲ್ಲಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತದೆ.

ನಮ್ಮದು ಒಂದೇ ಕೋಣೆ. ಒಲೆ ಹಚ್ಚುವ ಮೊದಲು ಬಾಗಿಲು ತೆಗಿ ಅಂತ ಅವಳಿಗೆ ಮೂರು ವರ್ಷದವಳಿದ್ದಾಗಿನಿಂದ ಹೇಳಿಕೊಟ್ಟಿದ್ದೆ. ಚಳಿಯಲ್ಲಿ ನಡುಗುತ್ತ ಇದ್ದರೂ ತೆಗೆಯುತ್ತಿದ್ದಳು. ಅಂಥವಳು ಹೀಗೆ ಮಾಡಿದಳಾ? ಬೇಕೂಂತ ಮಾಡಿದಳಾ? ನಿಮ್ಮ ಮಗಳು ಅದೇ ರೂಮಿನಲ್ಲಿದ್ದವಳು. ಅವಳಿಗೆ ಏನಾದರೂ ಗೊತ್ತಿದ್ದರೆ ಕೇಳಿ ತಿಳಿಸಿ. ನನ್ನ ಮಗಳ ಮೇಲೆ ನನಗೇ ಅನುಮಾನ ಬರುತ್ತಿದೆ, ಅದನ್ನು ತಡೆಯಲು ಆಗುತ್ತಿಲ್ಲ.

ಕಡ್ಡಿಯ ತಾಯಿ


ಮೇ 14

ಕಡ್ಡಿಯ ತಾಯಿಯವರಿಗೆ,

ಈ ಪತ್ರ ಬರೆಯಲು ಎರಡು ದಿನ ಹಿಡಿಯಿತು. ಮೊದಲೆರಡನ್ನು ಹರಿದು ಹಾಕಿದೆ. ಅವುಗಳಲ್ಲಿ ಸುಳ್ಳು ಬರೆದಿದ್ದೆ.

ನಿಮ್ಮ ಮಗಳು ಬೇಕೂಂತ ಏನೂ ಮಾಡಲಿಲ್ಲ, ಮರೆತೂ ಮಾಡಲಿಲ್ಲ. ಆ ಕಿಂಡಿಗೆ ಅವಳು ಕೈಯನ್ನೇ ಹಚ್ಚಿಲ್ಲ. ಅದನ್ನು ಮುಚ್ಚಿದ ಬಿರಡೆ ನಾನು ಹೊಲಿದದ್ದು. ನಾನು ಅಲ್ಲಿದ್ದ ಕಾಲದ ಅಳತೆ ಹಿಡಿದು, ಒಂದಿಷ್ಟೂ ಗಾಳಿ ಬರದ ಹಾಗೆ ಹೊಲಿದೆ. ಆಗ ಅಲ್ಲಿ ಗ್ಯಾಸ್ ಇರಲಿಲ್ಲ. ಗ್ಯಾಸ್ ಬಂತು ಅಂತ ನನ್ನ ಮಗಳು ಬರೆದಳು, ಅದನ್ನು ಹಾಕಿದವನು ಬಿರಡೆ ತೆಗೆದ ಅಂತಲೂ ಬರೆದಳು. ನಾನು ಅವನಿಗೆ ಏನೂ ಗೊತ್ತಿಲ್ಲ, ಮತ್ತೆ ಹಾಕು ಅಂತ ಬರೆದೆ. ಅವಳು ಹಾಕಿದಳು. ಬಿಸಿನೀರಿನಲ್ಲಿ ಸ್ನಾನ ಮಾಡಿ ಮಲಗು ಅಂತ ನಿಮ್ಮ ಮಗಳಿಗೆ ಹೇಳಿಕಳಿಸಿದವಳೂ ನಾನೇ. ಹೊಗೆಯ ಕೊಳವೆ ಇಡದ ಹಾಸ್ಟೆಲಿನವರದು ಇನ್ನೊಂದು ತಪ್ಪು. ಅದು ಹೊರಗೆ ಬರಬಾರದು ಅಂತ ಆ ಕಾಗದ ಮಾಡಿಸಿದ್ದಾರೆ. ಅದಕ್ಕೆ ನನ್ನ ಮಗಳು ಸಹಿ ಮಾಡಿದ್ದಾಳೆ. ಮಾಡು ಅಂದವಳು ನಾನು.

ಸತ್ತವರಿಗೆ ನೋವಿಲ್ಲ ಅಂತ ಅವಳಿಗೆ ಬುದ್ಧಿ ಹೇಳಿದ್ದೆ. ನಿಮ್ಮ ಪತ್ರ ಬರುವತನಕ, ಅವಳ ಹಿಂದೆ ನೀವಿದ್ದೀರಿ ಅನ್ನುವುದನ್ನು ಯೋಚಿಸಲು ನನಗೆ ಧೈರ್ಯವಿರಲಿಲ್ಲ.

ಈ ಪತ್ರವನ್ನು ಮೇಷ್ಟ್ರ ಕೈಯಲ್ಲಿ ಬೀದಿಯವರೆದುರು ಓದಿಸಿ. ಬೇಕಾದರೆ ಈ ಸಾವಿನ ತನಿಖೆ ಮಾಡುವ ಆ ದೇಶದ ಕಚೇರಿಗೂ ಕಳಿಸಿ. ನನ್ನ ಮಗಳಿಗೆ ತಿಳಿಸದೆ ಬರೆಯುತ್ತಿದ್ದೇನೆ, ಇವತ್ತೇ ಅವಳಿಗೂ ಇದರ ನಕಲು ಹಾಕುತ್ತೇನೆ. ಕ್ಷಮಿಸಿ ಅಂತ ಕೇಳುವ ಮುಖ ನನಗಿಲ್ಲ.

ನಾಲ್ಕನೇ ಅಡ್ಡರಸ್ತೆಯ ಹೊಲಿಗೆ ಅಂಗಡಿಯವಳು


ಜೂನ್ 2

ಹೊಲಿಗೆಯ ಅಮ್ಮನವರಿಗೆ,

ನಿಮ್ಮ ಪತ್ರವನ್ನು ಮೂರು ಸಲ ಓದಿಸಿಕೊಂಡೆ. ಮೂರನೆಯ ಸಲ ಶಾಲೆಯ ಜಗಲಿಯ ಮೇಲೆ, ಎಲ್ಲರೆದುರು. ಆಮೇಲೆ ಮೇಷ್ಟ್ರು ಅದನ್ನು ಆ ದೇಶದ ಕಚೇರಿಗೆ ರಿಜಿಸ್ಟರ್ ಮಾಡಿದರು. ನಿಮ್ಮ ಮಗಳಿಗೆ ಇದರಿಂದ ಏನಾಗುತ್ತದೋ ನನಗೆ ಗೊತ್ತಿಲ್ಲ. ಗೊತ್ತಿದ್ದರೂ ಕಳಿಸುತ್ತಿದ್ದೆ.

ನಿಮ್ಮ ಮೇಲೆ ಕೋಪ ಇಲ್ಲ ಅಂತ ಬರೆಸಲಾರೆ, ಇದೆ. ನಿಮ್ಮ ಮಗಳು ಉಸಿರಾಡುತ್ತಿದ್ದಾಳೆ ಅಂತ ನೆನಪಾದಾಗಲೆಲ್ಲ ಬರುತ್ತದೆ. ಇನ್ನು ಮೇಲೆ ನನಗೆ ಬರೆಯಬೇಡಿ.

ಒಂದೇ ಒಂದು ವಿಷಯ ನಿಮ್ಮ ಮಗಳನ್ನು ಕೇಳಿ ಹೇಳಿ. ಪೆಟ್ಟಿಗೆಯಲ್ಲಿ ಬಂದಾಗ ನನ್ನ ಮಗಳು ಮಂಜಿನ ಹಾಗೆ ತಣ್ಣಗಿದ್ದಳು. ಆವತ್ತು, ಹೋಗುವ ಹೊತ್ತಿನಲ್ಲಿ, ಅವಳಿಗೆ ಚಳಿಯಾಗುತ್ತಿತ್ತಾ?

ಕಡ್ಡಿಯ ತಾಯಿ


ಜೂನ್ 27

ಕಡ್ಡಿಯ ಅಮ್ಮನಿಗೆ,

ನೀವು ಕೇಳಿದ್ದನ್ನು ಅಮ್ಮ ನನಗೆ ಕಳಿಸಿದಳು. ನೀನೇ ಉತ್ತರ ಬರೆ, ಏನು ಬರೆಯಬೇಕು ಅಂತ ನಾನು ಹೇಳುವುದಿಲ್ಲ ಅಂದಳು.

ಮೊದಲು ಕಚೇರಿಯ ವಿಷಯ. ನಿಮ್ಮ ಮೇಷ್ಟ್ರ ಪತ್ರ ತಲುಪುವ ಮೊದಲೇ, ಅಮ್ಮನ ನಕಲು ಸಿಕ್ಕ ಮರುದಿನ, ನಾನೇ ಹೋಗಿ ಮೊದಲಿನ ಹೇಳಿಕೆ ಸುಳ್ಳು ಅಂದೆ. ಕಿಂಡಿ ಮುಚ್ಚಿದವಳು ನಾನು ಅಂತ ಬರೆಸಿದೆ, ಕೊಳವೆ ಇರಲಿಲ್ಲ ಅಂತಲೂ ಬರೆಸಿದೆ, ಜೇಬಿನಲ್ಲಿದ್ದ ಚೀಟಿ ಕೊಟ್ಟೆ. ನಿಮ್ಮ ಮಗಳ ಹೆಸರಿನ ಮುಂದೆ ಇದ್ದದ್ದನ್ನು ನನ್ನ ಕಣ್ಣೆದುರು ಹೊಡೆದು ಹಾಕಿದರು. ಕೆಲಸ ಹೋಯಿತು. ತನಿಖೆ ಮುಗಿಯುವವರೆಗೆ ಊರು ಬಿಡಬಾರದು ಅಂತ ಒಂದು ಶೆಡ್ಡಿನಲ್ಲಿ ಹನ್ನೊಂದು ಹೆಂಗಸರ ಜೊತೆ ಇಟ್ಟಿದ್ದಾರೆ. ಆಮೇಲೆ ಏನು ಮಾಡುತ್ತಾರೋ ಇನ್ನೂ ಹೇಳಿಲ್ಲ.

ಇನ್ನು ನೀವು ಕೇಳಿದ್ದು. ಆವತ್ತು ಇನ್ನೊಬ್ಬಳು ಬಂದಿರಲಿಲ್ಲ ಅಂತ ಅವಳನ್ನು ಜಾಸ್ತಿ ಹೊತ್ತು ನಿಲ್ಲಿಸಿಕೊಂಡಿದ್ದರು. ರೂಮಿಗೆ ಬಂದದ್ದು ಮಧ್ಯಾಹ್ನ ಹನ್ನೆರಡೂಕಾಲಿಗೆ, ಗೇಟಿನ ಪುಸ್ತಕದಲ್ಲಿದೆ. ನಾನು ಮೂರೂವರೆಗೆ ಬಂದೆ. ಸ್ನಾನ ಮಾಡಿ ಗೀಸರ್ ಆರಿಸಿ ಮಲಗಿದ್ದಳು, ಕೂದಲು ಇನ್ನೂ ಒದ್ದೆಯಿತ್ತು. ಕಾಲಿಗೆ ಸಾಕ್ಸ್ ಇತ್ತು. ತನ್ನ ಕಂಬಳಿಯ ಮೇಲೆ ನನ್ನ ಕಂಬಳಿಯನ್ನೂ ಹೊದ್ದಿದ್ದಳು. ಕೆನ್ನೆ ಕೆಂಪಗಿತ್ತು. ಅಷ್ಟು ಬಣ್ಣ ಅವಳ ಮುಖದಲ್ಲಿ ನಾನು ಯಾವತ್ತೂ ನೋಡಿರಲಿಲ್ಲ. ಜ್ವರ ಇಳಿದಿರಬೇಕು, ಮಲಗಲಿ ಅಂತ ಸದ್ದಾಗದ ಹಾಗೆ ಬಾಗಿಲು ಎಳೆದುಕೊಂಡು ಕೆಳಗೆ ಹೋಗಿ ಇಬ್ಬರಿಗೂ ಊಟ ತಂದೆ. ತಟ್ಟೆಗೆ ಹಾಕಿಟ್ಟು, ಏಳೇ, ಆರಿಹೋಗುತ್ತೆ ಅಂತ ಕೈ ಹಿಡಿದು ಎಬ್ಬಿಸಿದೆ.

ಇಲ್ಲಮ್ಮ, ಅವಳಿಗೆ ಚಳಿಯಾಗುತ್ತಿರಲಿಲ್ಲ. ಕೈ ಬೆಚ್ಚಗಿತ್ತು. ಅದಕ್ಕೇ ನನಗೆ ತುಂಬ ಹೊತ್ತು ಗೊತ್ತಾಗಲಿಲ್ಲ.

ಅವಳ ರೂಮಿನವಳು